ಸೀದಾ ಬಂದೂಕ

ತೊಗರಿ ಮಿಲ್ಲಿನ ಹಳೇ ಗೋದಾಮಿನಾಗ
ಹತ್ತು ಮೀಟರ್ ಅಳದು ಸುಣ್ಣದ ಗೆರಿ ಎಳದಾರ.
ಇತ್ಲಾಗ ನಾವು, ಅತ್ಲಾಗ ಕಾಗದ,
ನಡುವ ಯಾರೂ ಹೋಗಂಗಿಲ್ಲ.
ಹಗ್ಗಕ್ಕ ಕೆಂಪು ಅರಿಬಿ ಚೂರು ತೂಗಬಿಟ್ಟಾರ,
ಲಾಡ್ಲೆಸಾಬನ ಕಾನೂನು ಅದು.

ಐತವಾರ ಮುಂಜಾನೆ, ಐವತ್ತು ರೂಪಾಯಿ.
ಬಂದೂಕ ಅವರದು, ದಪ್ಪ ಕೋಟೂ ಅವರದು,
ಇಪ್ಪತ್ತು ಛರ್ರಾ ಒಂದು ಬಾಟಲಿ ಮುಚ್ಚಳದಾಗ.
"ಗಾಳಿ ಬಂದೂಕ ಅಕ್ಕ, ಮದ್ದಿಲ್ಲ, ಹೊಗಿ ಇಲ್ಲ.
ಆದ್ರೂ ಖಾಲಿ ಅದ ಅಂತ ತಿಳ್ಕೊಂಡು
ಯಾರ ಕಡೀನೂ ಮೂತಿ ತಿರುಗಿಸಬ್ಯಾಡ."
ನಮ್ಮ ಓಣ್ಯಾಗ ಈ ಮಾತು
ಬಾಯಿಗೂ ಹತ್ತತದ ಅನ್ಕೊಂಡೆ.

ನಾ ಗುರುಬಾಯಿ, ರೊಟ್ಟಿ ಕೇಂದ್ರದಾಕಿ.
ದಿನಕ್ಕ ಇನ್ನೂರು ರೊಟ್ಟಿ ಬಡದ ಕೈ
ನಡಗೂದಿಲ್ಲ ಅಂತ ಸೊಕ್ಕಿತ್ತು.
ಮ್ಯಾಲ, ಉರುಸಿನಾಗ ಬಲೂನ್ ಒಡದಾಕಿ:
ಹದಿನೆಂಟು ವರ್ಷ, ಅದೇ ಅಂಗಡಿ, ಅದೇ ಮುರುಕು ಬಂದೂಕ.
ಬಲಕ್ಕ ಎಳೀತಿತ್ತು, ಮಾಲಕ ಬೇಕಂತಲೇ ಬಗ್ಗಿಸಿಟ್ಟಿದ್ದ.
ನಾ ಎಡಕ್ಕ ಎರಡು ಬಟ್ಟು ಹಿಡಿದು ಹೊಡೀತಿದ್ದೆ.
ಕೆಂಪದು ಬೇಕಂದ್ರ ಬಾಜೂಕಿನ ಹಳದಿಗಿ ಗುರಿ.
ಢಂ ಅಂತಿತ್ತು. ಅಂವನ ಮಾರಿ ಸಣ್ಣಗಾಗ್ತಿತ್ತು.

ಇಲ್ಲಿ?
ಮೊದಲನೇದು ಎಡಕ್ಕ. ಎರಡನೇದು ಎಡಕ್ಕ.
ಮೂರು, ನಾಕು, ಹಿಂದಿನ ತಗಡಿಗಿ ಟಣ್, ಟಣ್.
ಐದನೇದು ಎಲ್ಲಿ ಹೋಯ್ತೋ ಗೊತ್ತೇ ಆಗಲಿಲ್ಲ,
ಬಾಜೂಕ ಆಟೋ ಜಟ್ಟೆಪ್ಪ ಕೂಗೂ ತನಕ:
"ಏ ನೋಡ್ರಿ, ನಾ ಹೊಡದದ್ದು ಐದು,
ನನ್ನ ಕಾಗದದಾಗ ಆರು ತೂತು ಅವ!"

ಎಲ್ಲಾರೂ ನಕ್ಕರು. ಲಾಡ್ಲೆಸಾಬ ನಗಲಿಲ್ಲ.
ಪೊಲೀಸ್ ಬಂದೂಕಕ್ಕ ಮೂವತ್ತು ವರ್ಷ
ಎಣ್ಣಿ ಹಚ್ಚಿದ ಬಟ್ಟು ಅವನವು.
ನನ್ನ ಬಂದೂಕ ತೊಗೊಂಡು ತಾನೊಂದು ಹೊಡದ.
ನಟ್ಟ ನಡುವ.
ತಿರುಗಿ ನನ್ನ ಕೈಯಾಗಿಟ್ಟು ಅಂದ:
"ಅಕ್ಕ, ಇದು ಸೀದಾ ಅದ."

ಅಷ್ಟೇ ಅಂದ.
ನನಗ ಯಾಕೋ ಗಂಟಲ ಒಣಗ್ತು.

ಜ್ವಾಳದ ಸಾಹುಕಾರ ಅರವತ್ತು ಅಂದ್ರ ನಾ ನಲವತ್ತಕ್ಕ ಹಿಡೀತೀನಿ.
ಖಾನಾವಳಿಯಾಂವ ನಾಳಿ ರೊಕ್ಕ ಅಂದ್ರ
ಮುಂದಿನ ಅಮಾಸಿಗಿ.
ನೆಗೆಣಿ ಸೀರಿ ಛಂದ ಅದ ಅಂದ್ರ
ಮನೀಗಿ ಬಂದು ಅಂಚು ಹರದದೇನು ನೋಡ್ತೀನಿ.
ಸೀದಾ ಸಾಮಾನು ಕೈಗಿ ಬಂದು
ಎಷ್ಟು ದಿನ ಆಗಿತ್ತೋ.

ತಹಸೀನ, ಏಳನೇತ್ತೆ ಹುಡುಗಿ,
ನನಗಿಂತ ಎರಡು ಐತವಾರ ಮುಂದ ಅದಾಳ, ಅದಕ್ಕ ಗುರು ಆಗ್ಯಾಳ:
"ಕುದುರಿ ಜಗ್ಗಬ್ಯಾಡ್ರಿ ಅತ್ತಿ.
ಮಾವಿನಹಣ್ಣ ಒತ್ತಿ ನೋಡ್ತೀರಲ್ಲ,
ಮಾರಾಂವಗ ಗೊತ್ತಾಗದಂಗ? ಹಂಗ."

ಹೊಳ್ಳಿಸೂ ಮುಂದ ರೊಟ್ಟಿ ಉಬ್ಬೂದು ಕಾಯ್ತೀನಲ್ಲ,
ಆ ಉಸಿರು ಹಿಡಿದೆ.
ಹನ್ನೊಂದನೇದು ಆರು. ಹದಿನಾಲ್ಕನೇದು ಏಳು.
ಹತ್ತೊಂಬತ್ತನೇದಕ್ಕ ಕಣ್ಣು ತಾನೇ ಎಡಕ್ಕ ಜಾರ್ತು,
ಹಳೇ ಚಟ, ತಗಡು ಟಣ್ ಅಂತು.
ಇಪ್ಪತ್ತನೇದು ಹತ್ತು!
ಲಾಡ್ಲೆಸಾಬ ಚಸ್ಮಾ ಹಾಕ್ಕೊಂಡು ನೋಡಿ ಒಂಬತ್ತು ಅಂದ.
ಗೆರಿ ಮುಟ್ಟ್ಯದ ಅಂತ ನಾ ಜಗಳಾಡಿದೆ.
ಮುಟ್ಟಿದ್ದಿಲ್ಲ. ಒಂಬತ್ತೇ.

ಮುಂದಿನ ಐತವಾರ ಅದೇ ಕಾಗದದಾಗ
ಶೇಂಗಾ ಹಿಂಡಿ ಕಟ್ಟಿಕೊಂಡು ಹೋದೆ, ಜೋಡಿಗಿ ಹದಿನೈದು ರೊಟ್ಟಿ.
ಬಂದೂಕ ಎಲ್ಲಾ ಪೆಟ್ಟಿಗ್ಯಾಗ ಹೋದ ಮ್ಯಾಲ
ಗೋಣಿಚೀಲದ ಮ್ಯಾಲ ಸಾಲಾಗಿ ಕುಂತ್ವಿ.
ಪುಡಿಕಿ ಕೈಯಿಂದ ಕೈಗಿ ಹೋಯ್ತು.
ಜಟ್ಟೆಪ್ಪ ತನ್ನ ಖಾಕಿ ಅಂಗಿ ಝಾಡಿಸ್ಕೋತ ಎದ್ದ,
ಹೊಟ್ಟಿ ತುಂಬ ಕೆಂಪು ಪುಡಿ:
"ಇಕಿ ಗುರುಬಾಯಿ ಅಲ್ಲೋ ಮಾರಾಯ, ಗುರಿಬಾಯಿ!
ಒಂಬತ್ತರಾಗಿಂದ ಸೋರಿ
ಈ ಸಲನೂ ನನ್ನ ಮ್ಯಾಲೇ ಬಿತ್ತು."

ಅಂವ ನನ್ನ ಎಡಕ್ಕ ಕುಂತಿದ್ದ.